ಹಡಗಲಿಯಿಂದ ದುಬೈಗೆ ಒಂದು ಬುಟ್ಟಿ ಮೊಗ್ಗು

ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಪಕ್ಕದ ಊರು ಇಟ್ಟಿಗಿ ಎಷ್ಟು ದೂರ ಎಂದರೆ ಬಾಯಲ್ಲಿರುವ ಎಲೆಯಡಿಕೆ ಮುಗಿಯುವಷ್ಟು. ಹರಪನಹಳ್ಳಿ ಬಸ್ಸಿನಲ್ಲಿ ಒಂದು ಒಳ್ಳೆಯ ನಿದ್ದೆಯಷ್ಟು. ಹೀಗೆ ಬೆಳೆದ ನಾನು, ಬೆಂಗಳೂರಿನಿಂದ ದುಬೈಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಮೇಲೆ ಎಂದು ಟಿಕೆಟ್ ಮಾಡಿಸಿದವನು ಹೇಳಿದಾಗ ಗಂಭೀರವಾಗಿ ತಲೆಯಾಡಿಸಿದೆ. ಏನೂ ಅರ್ಥವಾಗಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನನ್ನ ಅಕ್ಕ ಇದ್ದದ್ದು ಹಡಗಲಿಯಲ್ಲಿ; ದುಬೈಯಲ್ಲಿ ಗಂಡನ ಜೊತೆಗಿದ್ದ ಅವಳ ಮಗಳು ಗೌರಿ ಬಸುರಿಯಾದಳು. ಡಾಕ್ಟರು ವಿಮಾನ ಬೇಡವೆಂದದ್ದರಿಂದ ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಅಲ್ಲೇ ಎಂದಾಯಿತು. ಅವಳು ಫೋನಿನಲ್ಲಿ ಬಯಸಿದ್ದು ಒಂದೇ, ಹಡಗಲಿ ಮಲ್ಲಿಗೆ. ಅಕ್ಕನ ಜೊತೆಗೆ ಹೋಗುವ ಭಾರ ನನ್ನದಾಯಿತು.

"ಎಷ್ಟು ತಾಸಲೇ?" ಅಕ್ಕ ಕೇಳಿದಳು.

"ನಾಕು ತಾಸು. ಆದ್ರ ಅಲ್ಲಿ ಗಡಿಯಾರ ಒಂದೂವರಿ ತಾಸು ಹಿಂದೈತಿ. ಎರಡೂವರಿ ತಾಸಿಗೇ ಮುಟ್ಟಿದಂಗ."

"ಗಡಿಯಾರ ಹಿಂದಿದ್ರ ಮೊಗ್ಗೂ ಹಿಂದ ಇರ್ತಾವೇನು?"

ನಾನು ಕಾರು ಗೊತ್ತುಮಾಡಲು ಎದ್ದೆ.

ನಸುಕಿನಲ್ಲಿ ಬಿಡಿಸಿದ ಮೊಗ್ಗುಗಳನ್ನು ಬಾಳೆಎಲೆಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಬುಟ್ಟಿಯನ್ನು ತೊಡೆಯಿಂದ ಇಳಿಸದೆ ಅಕ್ಕ ಬಾಡಿಗೆ ಕಾರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ತಲುಪಿದಳು. ವಿಮಾನ ತಡ ಎಂದರು. ಮತ್ತೆ ತಡ ಎಂದರು. ಸಂಜೆಯಾದಂತೆ ಬುಟ್ಟಿಯೊಳಗೆ ಒಂದೊಂದೇ ಮೊಗ್ಗು ಬಿರಿಯತೊಡಗಿತು. ಪರಿಮಳಕ್ಕೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಪಕ್ಕದಲ್ಲಿ ಯಾವುದೋ ಮನೆಯ ಕೆಲಸಕ್ಕೆಂದು ದುಬೈಗೆ ಮೊದಲ ಸಲ ಹೊರಟಿದ್ದ ಹೆಂಗಸೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು. ಅಕ್ಕ ಚೀಲದಿಂದ ದಾರ ತೆಗೆದು, ಅರಳಿದ ಹೂವನ್ನೆಲ್ಲ ಕಟ್ಟಿ ಅವಳಿಗೆ ಮುಡಿಸಿದಳು. ಇನ್ನೊಬ್ಬಳು ಬಂದಳು. ಮತ್ತೊಬ್ಬಳೂ ಬಂದಳು. ಬುಟ್ಟಿ ಹಗುರಾಗುತ್ತಿದ್ದುದನ್ನು ಕಂಡು ನನಗೆ ಸಂಕಟವಾಯಿತು.

"ಅಕ್ಕಾ, ಗೌರಿಗೆ ಉಳೀಬೇಕಲ್ಲ?"

"ಅರಳಿದ್ದು ಗೌರಿಗಂತ ಕಾಯಂಗಿಲ್ಲ. ಸುಮ್ನಿರು," ಎಂದಳು. ಆದರೆ ಒದ್ದೆ ಬಟ್ಟೆಯ ಕೆಳಗೆ ಕೈಯಾಡಿಸುವಾಗ ಅವಳ ಮುಖವೂ ಸಣ್ಣಗಾಗಿತ್ತು.

ವಿಮಾನದಲ್ಲಿ ಅವಳು ಕಿಟಕಿಯಾಚೆ ನೋಡಲೇ ಇಲ್ಲ. ಸಮುದ್ರವನ್ನೆಲ್ಲ ನಾನೊಬ್ಬನೇ ನೋಡಿ ಮುಗಿಸಬೇಕಾಯಿತು. ಕತ್ತಲಿದ್ದುದರಿಂದ ಬೇಗ ಮುಗಿಯಿತು. ಇಳಿಯುವ ಹೊತ್ತಿಗೆ ಬುಟ್ಟಿಯಲ್ಲಿ ಒಂದು ಬೊಗಸೆ ಮೊಗ್ಗು ಮಾತ್ರ ಉಳಿದಿತ್ತು.

ಪೆಟ್ಟಿಗೆಗಳಿಗಾಗಿ ಕಾದು ನಾವು ಹೊರಬಂದದ್ದು ಎಲ್ಲರಿಗಿಂತ ಕೊನೆಗೆ. ಅಕ್ಕ ತಪ್ಪು ಮಾಡಿದವಳಂತೆ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಗಂಡನ ಜೊತೆ ಅಲ್ಲಿ ಕಾಯುತ್ತಿದ್ದ ಗೌರಿ ಮಾತ್ರ ಕಣ್ಣೊರೆಸಿಕೊಂಡು ನಗುತ್ತಿದ್ದಳು.

"ಮೊದ್ಲು ಒಬ್ಬಾಕಿ ಬಂದ್ಳು, ತಲಿತುಂಬ ನಮ್ಮ ಮಲ್ಲಿಗಿ," ಎಂದಳು. "ಆಕಿ ಹಿಂದ ಇನ್ನೊಬ್ಬಾಕಿ. ಗುರುತಿಲ್ಲ, ಪರಿಚಯಿಲ್ಲ. ನಮ್ಮೂರ ಮಂದಿನೆಲ್ಲ ಕರ್ಕೊಂಡು ಬಂದೀರೇನೋ ಅನ್ನಿಸ್ತು ಮಾಮಾ."

ಅಕ್ಕ ಅಲ್ಲೇ ಜನರ ನಡುವೆ ಮಗಳನ್ನು ತಿರುಗಿಸಿ ನಿಲ್ಲಿಸಿ, ಉಳಿದ ಮೊಗ್ಗುಗಳನ್ನು ಒಂದೊಂದಾಗಿ ಜಡೆಗೆ ಸಿಕ್ಕಿಸತೊಡಗಿದಳು. ಅಳಿಯ ಕಾರಿನ ಕೀಲಿ ಹಿಡಿದು ಅವಸರಪಡುತ್ತಿದ್ದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಅವಸರ ಬೇಡ, ತಾಯಿಮಗಳು ಮುಟ್ಟಬೇಕಿದ್ದ ಊರು ಮುಟ್ಟಿ ಆಯಿತು ಎಂದೆ.