ಅಪ್ಪನಿಗೆ ಸಿಕ್ಕ ಎಂಟು ದಿನದ ರಜೆ

ಪುಣೆಯ ಶನಿವಾರ ಪೇಟೆಯ ವಾಡೆಯಲ್ಲಿ ನಾವು ಎರಡು ಖೋಲಿ ಹಿಡಿದು ಇದ್ದ ಆ ದಿನಗಳಲ್ಲಿ, ಗಂಡಸು ಹಾಡಹಗಲು ಮನೆಯಲ್ಲಿ ಕೂತಿದ್ದಾನೆಂದರೆ ಒಂದೋ ಜ್ವರ ಬಂದಿರಬೇಕು, ಇಲ್ಲವೇ ನೌಕರಿ ಹೋಗಿರಬೇಕು. ಇಂಗ್ಲಿಷರ ಆಳ್ವಿಕೆ ಇನ್ನೂ ಇತ್ತು. ಧಾರವಾಡದಿಂದ ಬಂದಿದ್ದ ನಮ್ಮಪ್ಪ ಇಂಗ್ಲಿಷರ ದಂಡಿದ್ದ ಕ್ಯಾಂಪಿನ ಕಚೇರಿಯೊಂದರಲ್ಲಿ ಸೇತುವೆಗಳ ನಕಾಶೆ ಬರೆಯುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ರಜೆ ಕೇಳಿರಲಿಲ್ಲ. ರವಿವಾರವೂ ನಕಾಶೆಯ ಸುರುಳಿ ಮನೆಗೆ ಬರುತ್ತಿತ್ತು. ಅಪ್ಪ ಹತ್ತಿರ ಬಂದರೆ ಮಸಿಯ ವಾಸನೆ.

ನನಗಾಗ ಹತ್ತು ವರ್ಷ. ಸಂಕ್ರಮಣ ಕಳೆದು ಎರಡು ದಿನವಾಗಿತ್ತು. ಗುರುವಾರ ಮಧ್ಯಾಹ್ನ ಅಪ್ಪ ಬಾಗಿಲಲ್ಲಿ ನಿಂತದ್ದು ಕಂಡು ಅವ್ವನ ಕೈಯ ಮೊರ ಅಲ್ಲೇ ನಿಂತಿತು.

"ಯಾಕ್ರೀ, ಆರಾಮ ಇಲ್ಲೇನು?"

"ಆರಾಮ ಇದ್ದೇನಿ. ಸಾಹೇಬ್ರು ಎಂಟು ದಿನ ರಜಾ ಕೊಟ್ಟಾರ. ನಾ ಕೇಳಿದ್ದಿಲ್ಲ."

ನಕಾಶೆಯಲ್ಲಿ ಅಪ್ಪ ಒಂದು ಅಳತೆ ತಪ್ಪಾಗಿ ಬರೆದಿದ್ದರಂತೆ. ಸಾಹೇಬರು ಬೈಯಲಿಲ್ಲವಂತೆ. ಮುಖ ನೋಡಿ, ನೀವು ದಣಿದಿದ್ದೀರಿ, ಎಂಟು ದಿನ ಈ ಕಡೆ ಬರಬೇಡಿ ಎಂದರಂತೆ. ಅವ್ವನಿಗೂ ಅಪ್ಪನಿಗೂ ಅದರರ್ಥ ಒಂದೇ ಆಗಿ ಕೇಳಿಸಿತು: ನೌಕರಿ ಹೋಯಿತು. ಎರಡು ದಿನ ಅಪ್ಪ ಬೆಳಿಗ್ಗೆ ಜಳಕ ಮಾಡಿ, ಕೋಟು ಟೊಪ್ಪಿಗೆ ಹಾಕಿಕೊಂಡು, ಹೊರಗಿನ ಖೋಲಿಯಲ್ಲಿ ಸುಮ್ಮನೆ ಕೂತರು.

ರವಿವಾರ ನನ್ನ ಕೈ ಹಿಡಿದು ಸಾಹೇಬರ ಬಂಗಲೆಗೇ ಹೊರಟರು. ಬಂಗಲೆಯ ಹಿಂದೆ ನದಿ. ಸಾಹೇಬರು ಪಾಟಲೋಣಿನ ಕಾಲು ಮೇಲಕ್ಕೆ ಮಡಚಿಕೊಂಡು, ಗಾಳ ಹಿಡಿದು ಕಲ್ಲಿನ ಮೇಲೆ ಕೂತಿದ್ದರು. ಅಪ್ಪ ಕೈಮುಗಿದು ಕೇಳಿದರು. ಸಾಹೇಬರು ಏನೋ ನಿಧಾನವಾಗಿ ಹೇಳಿದರು. ಇಂಗ್ಲಿಷು ನನಗೆ ತಿಳಿಯಲಿಲ್ಲ. ಅಪ್ಪನ ಬಿಗಿದ ಹೆಗಲು ಸಡಿಲಾದದ್ದು ಮಾತ್ರ ಕಂಡಿತು.

ಮರಳುವ ದಾರಿಯಲ್ಲಿ ಅಪ್ಪನೇ ಹೇಳಿದರು: "ನೌಕರಿ ಅದ ಅಂತ. ಅವರ ತಂದಿ ಬಡಗಿ ಇದ್ದರಂತ. ಶನಿವಾರ ಗರಗಸ ಗೂಟಕ್ಕ ಹಾಕಿದ್ರ ಸೋಮವಾರದ ತನಕಾ ಮುಟ್ಟತಿದ್ದಿಲ್ಲಂತ. ಅದಕ್ಕ ಕೊಯ್ತ ನೆಟ್ಟಗ ಬರ್ತಿತ್ತು ಅಂತಾರ."

"ಸಾಹೇಬ್ರಿಗೆ ಮೀನ ಸಿಕ್ಕಿದ್ವೇನಪಾ?"

"ಒಂದೂ ಇಲ್ಲ. ಅದರ ಚಿಂತೀನೂ ಇಲ್ಲ ಅವರಿಗೆ," ಎಂದರು ಅಪ್ಪ. ಯಾರ ಬಗ್ಗೆಯೂ ಅಪ್ಪ ಅಷ್ಟು ಬೆರಗಿನಿಂದ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಮನೆಗೆ ಬಂದು ಕೋಟು ಬಿಚ್ಚಿದರು. ನನ್ನ ಜೊತೆ ಪರ್ವತಿ ಗುಡ್ಡ ಹತ್ತಿದರು, ಶೇಂಗಾ ತಿಂದರು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡಿದರು. ಅಪ್ಪ ಆಟದಲ್ಲಿ ಮೋಸ ಮಾಡುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ.

ಒಲೆ ಊದುತ್ತಿದ್ದ ಅವ್ವ ತಲೆ ಎತ್ತದೆ ಕೇಳಿದಳು: "ಸಾಹೇಬ್ರ ದೇಶದಾಗ ಅಡಗಿ ಮಾಡೋರಿಗೂ ರಜಾ ಇರ್ತದೇನ್ರಿ?"

ಅಪ್ಪ ಕವಡೆ ಕೆಳಗಿಟ್ಟರು. "ನಾಳೆ ನೀ ಒಲಿ ಮುಂದ ಬರಬ್ಯಾಡ," ಎಂದರು.

ಮರುದಿನ ಅಪ್ಪ ಕಡಲೆಹಿಟ್ಟು ಕಲಸಿ ಬೇಯಿಸಿದ ಝುಣಕದ ತುಂಬ ಗಂಟು. ಅವ್ವ ಕೈ ಎಲ್ಲಿಡಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ಕೂತಿದ್ದಳು. ಕಡೆಗೆ ನೆರೆಮನೆಯ ಕಾಕೂ ಜೊತೆ ತುಳಶೀಬಾಗದ ಬಜಾರಕ್ಕೆ ಹೋದಳು. ಸಂಜೆ ಅಬ್ಬಲಿಗೆ ಮುಡಿದು, ನಗುತ್ತ ಬಂದು, ಆರಿದ ಝುಣಕ ತಿಂದು, "ಉಪ್ಪು ಛಲೋ ಬಿದ್ದದ," ಎಂದಳು.

ಆಮೇಲೆ ಅಪ್ಪ ರವಿವಾರ ಸುರುಳಿ ತರಲಿಲ್ಲ. ಸಾಹೇಬರು ತಮ್ಮ ದೇಶಕ್ಕೆ ಹೋದರು. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಅವ್ವನಿಗೆ ಅಂಥ ಇನ್ನೊಂದು ದಿನ ಸಿಗಲಿಲ್ಲ. ಅಂಥ ದಿನ ಕೊಡಲು ಯಾವ ಸಾಹೇಬನ ಅಪ್ಪಣೆಯೂ ಬೇಕಿರಲಿಲ್ಲ. ನಾನು ದೊಡ್ಡವಳಾಗಿದ್ದೆ, ಗಂಟಿಲ್ಲದ ಝುಣಕ ಮಾಡಲು ಕಲಿತಿದ್ದೆ. ಆದರೂ ಅವಳಿಗೆ, ಇವತ್ತು ನೀ ಕೂಡು, ಅಡಗಿ ನಾ ಮಾಡ್ತೇನಿ ಎಂದು ಒಂದು ದಿನವೂ ಅನ್ನಲಿಲ್ಲ.