ಬಾವಿಯ ಗೋಡೆಗೆ ಒದ್ದೆ

ಆಗ ನನಗೆ ನಲವತ್ತೈದು. ಇಪ್ಪತ್ತು ವರ್ಷದ ಹಿಂದಿನ ಮಾತು. ಟೇಕಲ್ ಹತ್ತಿರ ಒಂದು ತೋಟದ ಬಾವಿಯನ್ನು ಇನ್ನೂ ಆಳ ಮಾಡುವ ಕೆಲಸ. ಗಂಡಸರು ತಳದಲ್ಲಿ ಬಂಡೆ ಒಡೆಯುತ್ತಿದ್ದರು. ಒಡೆದ ಕಲ್ಲನ್ನು ಕಬ್ಬಿಣದ ಬಕೆಟ್ಟಿಗೆ ತುಂಬುವುದು ನಾವಿಬ್ಬರು ಹೆಂಗಸರು, ನಾನೂ ಗೌರಮ್ಮನೂ. ಮೇಲೆ ಕ್ರೇನು. ಕ್ರೇನು ಎಂದರೆ ಬಾವಿಯ ಬಾಯಿಗೆ ಚಾಚಿದ ಕಬ್ಬಿಣದ ತೋಳು, ತುದಿಗೆ ರಾಟೆ, ತಂತಿಹಗ್ಗ, ಎಳೆಯಲು ಡೀಸೆಲ್ ಎಂಜಿನ್. ನಡೆಸುವವನು ಗೌರಮ್ಮನ ಗಂಡ ಚಲಪತಿ. ಎಂಜಿನ್ ಸದ್ದಿಗೆ ಮಾತು ಕೇಳಿಸದು. ತಳದಿಂದ ಹಾರೆಯಲ್ಲಿ ಬಂಡೆಗೆ ಬಡಿದರೆ ನಿಲ್ಲಿಸಬೇಕು ಎಂದು ಅರ್ಥ.

ನೇತಾಡುವ ಬಕೆಟ್ಟು ತೂಗುವುದು ನಮಗೆ ದಿನದ ನೋಟ. ಶಾಲೆಯಲ್ಲಿ ಅದಕ್ಕೆ ಆಂದೋಲನ ಎನ್ನುತ್ತಾರಂತೆ. ಹಗ್ಗ ಉದ್ದವಿದ್ದಾಗ ನಿಧಾನವಾಗಿ ಹೋಗಿ ಬರುತ್ತದೆ. ಮೇಲಕ್ಕೆ ಬಂದು ಹಗ್ಗ ಗಿಡ್ಡವಾದಂತೆ ಬೇಗ ಬೇಗ ತೂಗುತ್ತದೆ. ನೋಡಿದ್ದೆ, ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಕಲ್ಲು ಜಾರಿ ಗೌರಮ್ಮನ ಕಾಲು ಮುರಿಯಿತು. ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅವಳನ್ನು ಬಕೆಟ್ಟಿನಲ್ಲಿ ಕೂರಿಸಿ, ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹಗ್ಗ ಹಿಡಿದು ನಿಂತೆ. ಹೆಂಡತಿಗೆ ಏಟಾಗಿದೆ ಎಂದು ಗೊತ್ತಾಗಿ ಚಲಪತಿ ಜೋರಾಗಿ ಎಳೆದ.

ಬಕೆಟ್ಟು ತೂಗತೊಡಗಿತು. ಗೋಡೆ ಹತ್ತಿರ ಬಂತು. ಹೊರಗಿದ್ದ ಕಾಲಿನಿಂದ ಒದ್ದೆ. ಆಚೆ ಹೋಗಿ ಮತ್ತೆ ಬಂತು, ಈ ಸಲ ಇನ್ನೂ ರಭಸ. ಮತ್ತೆ ಒದ್ದೆ. ಮೇಲೆ ಒಂದು ಚೂಪು ಬಂಡೆ ಗೋಡೆಯಿಂದ ಮುಂದಕ್ಕೆ ಚಾಚಿತ್ತು. ಇದೇ ರಭಸದಲ್ಲಿ ಅಲ್ಲಿಗೆ ಹೋದರೆ ಇಬ್ಬರ ತಲೆಯೂ ಉಳಿಯುತ್ತಿರಲಿಲ್ಲ. ಉಚ್ಚೆ ಹೊಯ್ದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ತಳದಲ್ಲಿ ಹಾರೆ ಠಣ್ ಎಂದಿತು. ಎಂಜಿನ್ ನಿಂತಿತು. ಮೇಸ್ತ್ರಿ ಮುನಿಯಪ್ಪ ಕೆಳಗಿನಿಂದ ಕೂಗಿದ:

"ಒದೀಬ್ಯಾಡಮ್ಮೋ! ಉಯ್ಯಾಲೆ ಜೀಕ್ದಂಗೆ ನೀನೇ ಜೀಕ್ತಾ ಇದ್ದೀಯ!"

ನಡುಬಾವಿಯಲ್ಲಿ ನೇತಾಡುತ್ತಿದ್ದೆವು. ಗೋಡೆ ಮತ್ತೆ ಬಂತು.

"ಅಕ್ಕಾ, ಒದಿಯಕ್ಕಾ, ಬತ್ತಾ ಐತೆ!"

"ಬಾಯಿ ಮುಚ್ಕೊಂಡು ಕೂತ್ಕೊಳೇ."

ಅಂಗಾಲು ಮುಂದಿಟ್ಟೆ. ತಲೆಯ ಮೇಲಿನ ಕಲ್ಲುಬುಟ್ಟಿ ಇಳಿಸುವಾಗ ಮಡಚುವ ಹಾಗೆ ಮೊಣಕಾಲು ಮಡಚಿದೆ. ಗೋಡೆ ಕಾಲಿಗೆ ತಾಗಿತು, ಚರ್ಮ ಕಿತ್ತಿತು, ಆದರೂ ನಾನು ತಳ್ಳಲಿಲ್ಲ. ಮುಂದಿನ ಸಲ ರಭಸ ಕಡಿಮೆಯಾಗಿತ್ತು. ಅದರ ಮುಂದಿನ ಸಲ ಗೋಡೆ ತಾಗಲೇ ಇಲ್ಲ. ಆದರೂ ಬಕೆಟ್ಟು ಬೇಗ ನಿಲ್ಲಲಿಲ್ಲ. ಸುಮ್ಮನೆ ಹಗ್ಗ ಹಿಡಿದು ಕಾಯುವಾಗ ಆದಷ್ಟು ಭಯ ಒದೆಯುವಾಗಲೂ ಆಗಿರಲಿಲ್ಲ. ಪೂರ್ತಿ ನಿಂತ ಮೇಲೆ ಕೂಗಿದೆ, "ಮೆಲ್ಲಗೆ ಎಳಿಯೋ!" ಚೂಪು ಬಂಡೆ ಒಂದು ಗೇಣು ದೂರದಲ್ಲಿ ದಾಟಿ ಹೋಯಿತು.

ಮೇಲೆ ಚಲಪತಿಯ ಮುಖ ಸುಣ್ಣವಾಗಿತ್ತು. "ಅವಳ್ನ ತೊಟ್ಲಾಗಿಟ್ಟು ತೂಗು ಅಂದ್ನಾ ನಾನು?" ಎಂದು ನನ್ನ ಮೇಲೇ ರೇಗಿದ.

"ನೀನು ಗಾಳಿಪಟ ಎಳ್ದಂಗೆ ಎಳ್ದೆ. ಮೊದ್ಲು ಆಸ್ಪತ್ರೆಗೆ ನಡಿಯೋ," ಎಂದೆ.

ಗೌರಮ್ಮ ಬದುಕಿದ್ದಾಳೆ, ಸ್ವಲ್ಪ ಕುಂಟುತ್ತಾಳೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ತೂಗುವುದಕ್ಕೆ ಹೆದರಿ ಒದ್ದರೆ, ಆ ಒದೆಯನ್ನೂ ಸೇರಿಸಿಕೊಂಡು ವಾಪಸು ಬರುತ್ತದೆ.

ಅವಳ ಕಾಲು ಮುರಿದ ಮರುದಿನ ಬೆಳಿಗ್ಗೆ ಗಂಡಸರು ಮೆಟ್ಟಿಲಲ್ಲಿ ಇಳಿದ ಮೇಲೆ, ಬಕೆಟ್ಟಿನ ತಳಕ್ಕೆ ಒಂದು ನೂಲಿನ ಹಗ್ಗ ಕಟ್ಟಿ ತುದಿಯನ್ನು ಬಾವಿಗೆ ಬಿಟ್ಟೆ.

"ಏನಮ್ಮೋ, ಬಕೆಟ್ಗೆ ಬಾಲ ಕಟ್ಟಿದ್ದೀಯಾ?" ಎಂದು ಮುನಿಯಪ್ಪ ಕೆಳಗಿನಿಂದ ನಕ್ಕ.

"ಹೂಂ. ತೂಗದಂಗೆ ಬಿಗಿಯಾಗಿ ಹಿಡ್ಕೊ, ಬತ್ತಾ ಇದ್ದೀನಿ," ಎಂದು ಎರಡೂ ಕಾಲು ಒಳಗಿಟ್ಟು ಕುಳಿತೆ.