ಚಾತುರ್ಮಾಸ ಹಿಡಿದ ಮೋಟಾರ್‌ಸೈಕಲ್

ಇಂದು ಪೆಟ್ರೋಲ್ ವಾಸನೆ ಮೂಗಿಗೆ ಬಡಿದಾಗ ರಾಯಬಾಗದ ನಮ್ಮ ಪಡಸಾಲೆ ನೆನಪಾಯಿತು. ಅಲ್ಲಿ ಕಾಕಾನ ಹೊಸ ಮೋಟಾರ್‌ಸೈಕಲ್ ಕೌದಿ ಹೊದ್ದು ನಿಂತಿತ್ತು. ಅದರ ಮೇಲೆ ಶಾಲೆಗೆ ಹೋಗಿ ಗೆಳತಿಯರ ಎದುರು ಇಳಿಯಬೇಕೆಂಬುದೊಂದೇ ನನ್ನ ಆಸೆ. ಆದರೆ ನಾವು ಜೈನರು. ಮಳೆಗಾಲದ ಚಾತುರ್ಮಾಸದಲ್ಲಿ ಕಾಕಾ ಗಾಡಿ ಮುಟ್ಟುತ್ತಿರಲಿಲ್ಲ.

“ಗಾಲಿಗೆ ಸಿಕ್ಕು ಹುಳ ಸಾಯ್ತಾವ ತಂಗಿ. ದೀಪಾವಳಿ ಆಗ್ಲಿ, ಒಯ್ತೀನಿ.”

“ನಿಮ್ಮ ಗಾಡಿ ಉಪವಾಸ ಹಿಡದೈತೇನ ಬೇ?” ಎಂದು ಗೆಳತಿ ಸುಶೀಲಾ ದಿನವೂ ಕಾಡುತ್ತಿದ್ದಳು.

ನಾಲ್ಕು ತಿಂಗಳು ಕಾದೆ. ದೀಪಾವಳಿಯ ಮರುದಿನವೇ ಹಟ ಹಿಡಿದೆ. ಕಾಕಾ ಶಾಲೆಯ ಗೇಟಿನವರೆಗೆ ಒಯ್ದ. ಗೇಟಿಗೆ ಬೀಗ! ಖುಷಿಯಲ್ಲಿ ಮರೆತೇಬಿಟ್ಟಿದ್ದೆ. ಶಾಲೆಗೆ ರಜೆ, ನನಗೆ ಸಜೆ. ನೋಡಲು ಇದ್ದದ್ದು ಒಂದೇ ಎಮ್ಮೆ. ಅದೂ ಮುಖ ತಿರುಗಿಸಿತು.

ಈಗಲೂ ಯಾರಾದರೂ ಮೋಟಾರ್‌ಸೈಕಲ್ ಮೇಲೆ ಭರ್ರನೆ ಹೋದರೆ, ತಿರುಗಿ ನೋಡಿದವರು ಎಷ್ಟು ಮಂದಿ ಎಂದು ಎಣಿಸುತ್ತೇನೆ. ಹೊಟ್ಟೆ ಉರಿಯುತ್ತದೆ.